ಒಲೆ ಯಾವ ಕಡೆ

ಸ್ಲೇಟಿನ ಮೇಲೆ ಯಾರೋ ಉಗುರನ್ನು ನಿಧಾನವಾಗಿ ಎಳೆದ ಹಾಗಿತ್ತು ಆ ಸದ್ದು. ತೀರಾ ಸಣ್ಣದು. ಮಲಗಿದವರು ಮಗ್ಗುಲು ಬದಲಿಸಿದರೆ ಕೇಳಿಸದೇ ಹೋಗುವಂಥದ್ದು. ಆದರೆ ರಾಜಿಯ ಮಾತುಕತೆ ನಡೆಯುವ ರಾತ್ರಿಗಳಲ್ಲಿ ನಾನು ಮಗ್ಗುಲು ಬದಲಿಸುವವಳಲ್ಲ. ಬಾಗಿಲ ಚಿಲಕ, ಬೀದಿಯ ನಾಯಿ, ಗಾಳಿಗೆ ಅಲುಗುವ ಬಾವಿಯ ರಾಟೆ, ಎಲ್ಲದರ ಸದ್ದೂ ನನಗೆ ಬೇರೆ ಬೇರೆಯಾಗಿ ಗೊತ್ತು. ಇದು ಅವುಗಳಲ್ಲಿ ಯಾವುದೂ ಅಲ್ಲ. ಗೆರೆ ಸರಿಯುತ್ತಿತ್ತು. ಅದೂ ಹೊರಗಲ್ಲ, ನಮ್ಮ ಅಡುಗೆಮನೆಯಲ್ಲಿ.

ದೀಪ ಹಿಡಿದು ಹೋದೆ. ಸಂಜೆಯವರೆಗೆ ಬಚ್ಚಲುಮನೆಯ ಹತ್ತಿರ ಇದ್ದ ಗೆರೆ ಹಿತ್ತಲ ಬಾಗಿಲಿನ ಹೊಸ್ತಿಲು ಹತ್ತಿ ಒಳಗೆ ಬಂದಿತ್ತು. ಅಂಗೈ ಅಗಲದ ಬಿಳಿ ಪಟ್ಟಿ, ಈ ಗೋಡೆಯಿಂದ ಆ ಗೋಡೆಗೆ, ದಾರ ಹಿಡಿದು ಎಳೆದಂತೆ ನೇರ. ಒಲೆಯನ್ನು ದಾಟಿ, ನಡುಮನೆಯ ಬಾಗಿಲು ಇನ್ನೊಂದು ಮೊಳ ಇದೆ ಎನ್ನುವಲ್ಲಿ ನಿಂತುಬಿಟ್ಟಿತ್ತು. ಅದರಾಚೆ, ಒಲೆಯ ಪಕ್ಕದಲ್ಲಿ, ಪುಟ್ಟೀರಿ ಚಾಪೆಯ ಮೇಲೆ ಎದ್ದು ಕೂತಿದ್ದಳು. ಮೊಣಕಾಲು ತಬ್ಬಿಕೊಂಡು ಗೋಡೆ ನೋಡುತ್ತಿದ್ದಳು, ನೆಲವನ್ನಲ್ಲ.

“ನಿಂತ್ಕತಾ ಮಂದಮ್ಮ?”

“ನಿಂತಿದೆ.”

“ಒಲೆಯಿಂದ ಆಚೀಗಾ, ಈಚೀಗಾ?”

ನಾನು ದೀಪವನ್ನು ಒಲೆಯ ಈಚೆ, ನನ್ನ ಕಾಲ ಬಳಿಯ ಗೆರೆಗೆ ಹಿಡಿದೆ. ಅವಳಿಗೆ ಅಷ್ಟೇ ಸಾಕಾಯಿತು.

“ಉದ್ದಿನಬೇಳೆ ನೆನೆಹಾಕಿದ್ದೆ,” ಅಂದಳು. “ಇನ್ನು ಅದ್ನ ರುಬ್ಬೋರು ಯಾರೋ.”

ಆಗಿನ್ನೂ ಚಾವಡಿ ಸುಟ್ಟುಹೋಗಿರಲಿಲ್ಲ. ನಮ್ಮ ಊರಿಗೆ ಎರಡು ಕಡೆ: ಪೇಟೆ ಕಡೆ, ಗದ್ದೆ ಕಡೆ. ಗದ್ದೆ ಕಡೆ ಜೀತ ಉಂಟು, ಪೇಟೆ ಕಡೆ ಇಲ್ಲ. ನಡುವೆ ಗೆರೆ. ಜೀತ ಬಿಡಿಸಿ ಎಂದು ಪೇಟೆಯವರು ಗಲಾಟೆ ಮಾಡುವುದು, ಊರನ್ನೇ ಎರಡು ಮಾಡಿಕೊಂಡು ಹೋಗುತ್ತೇವೆ ಎಂದು ಗದ್ದೆಯವರು ಕತ್ತಿ ಮಸೆಯುವುದು, ಆಮೇಲೆ ಎರಡೂ ಕಡೆಯ ಹಿರಿಯರು ಚಾವಡಿಯಲ್ಲಿ ಕೂತು ರಾಜಿ ಮಾಡಿಕೊಳ್ಳುವುದು. ರಾಜಿಯಾದ ರಾತ್ರಿ ಗೆರೆ ಸರಿಯುತ್ತದೆ. ಯಾವಾಗಲೂ ಪೇಟೆಯ ಕಡೆಗೇ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎನ್ನುವುದು ಹಿರಿಯರ ಕೈಯಲ್ಲಿ ಇಲ್ಲ. ಬೆಳಿಗ್ಗೆ ಎರಡೂ ಕಡೆಯಿಂದ ಒಬ್ಬೊಬ್ಬರು ಗೆರೆ ನೋಡಲು ಮನೆಮನೆಗೆ ಬರುತ್ತಾರೆ, ನೋಡಿ ಒಪ್ಪಿದ ಮೇಲೆ ಅದೇ ಖಾಯಂ.

ಜನ ಇದಕ್ಕೆ ಒಗ್ಗಿಕೊಂಡಿದ್ದರು. ಮಕ್ಕಳು ಗೆರೆಯನ್ನು ಸೇರಿಸಿಕೊಂಡೇ ಕುಂಟೆಬಿಲ್ಲೆ ಆಡುತ್ತಿದ್ದವು. ಹೆಣ್ಣು ಕೊಡುವವರು ಮೊದಲು ಗೆರೆಯಿಂದ ಮನೆ ಎಷ್ಟು ದೂರ ಎಂದು ಕೇಳುತ್ತಿದ್ದರು. ಗೆರೆಯ ಅಂಚಿನ ಮನೆಗಳಲ್ಲಿ ಕಬ್ಬಿಣದ ಎತ್ತೊಲೆ ಬಂದಿತ್ತು, ಹಲಗೆಯ ಮೇಲೆ ಇಟ್ಟು ಎಳೆಯುವಂಥದ್ದು. ಏಕೆಂದರೆ ಎಲ್ಲವೂ ಒಲೆಯ ಮೇಲೆ ನಿಂತಿತ್ತು. ಗದ್ದೆ ಕಡೆ ಜೀತಕ್ಕೆ ಹುಟ್ಟಿದವರು ಯಾವ ಒಲೆಯ ಅನ್ನ ತಿನ್ನುತ್ತಾರೋ ಆ ಒಲೆ ಇರುವ ಕಡೆಗೆ ಸೇರಿದವರು. ಒಲೆ ಪೇಟೆ ಕಡೆ ಇದ್ದರೆ ಬಿಡುಗಡೆ, ಗದ್ದೆ ಕಡೆ ಆದರೆ ಜೀತ. ಅದೇ ಒಲೆಯ ಅನ್ನ ಉಣ್ಣುವ ನಾವು? ನಮಗೆ ಈ ನಿಯಮ ತಾಕುವುದಿಲ್ಲ. ಯಾಕೆ ತಾಕುವುದಿಲ್ಲ ಎಂದು ಚಾವಡಿಯಲ್ಲಿ ಇದುವರೆಗೆ ಯಾರೂ ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಎತ್ತೊಲೆ ಇರಲಿಲ್ಲ. ಮಣ್ಣಿನ ಕೋಡೊಲೆ, ಎರಡು ಬಾಯಿಯದು, ನೆಲಕ್ಕೆ ಕಟ್ಟಿದ್ದು. ಪುಟ್ಟೀರಿಯೇ ಕಟ್ಟಿದ್ದು. ನಾನು ಕಾಲೇಜು ಮುಗಿಸಿ ಬಂದ ವರ್ಷ ಅವಳು ಗದ್ದೆ ಕಡೆಯ ಹಿರಿಯ ದಳವಾಯಿಯ ಮನೆಯ ಜೀತದಿಂದ ಓಡಿ ಬಂದವಳು. ಆಗ ಗೆರೆ ಬಾವಿಯಿಂದ ಎಷ್ಟೋ ಆಚೆ ಇತ್ತು. ಅವಳ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟು ಸುಕ್ಕಾಗಿತ್ತು. ಆ ಕೈಯಲ್ಲೇ ಮಣ್ಣು ಕಲಸಿ ಒಲೆ ಹಾಕಿದಳು. ಗೆರೆ ಬಾವಿ ದಾಟಿದಾಗ, ಕರಿಬೇವಿನ ಗಿಡ ದಾಟಿದಾಗ, ಬಚ್ಚಲು ದಾಟಿದಾಗ, ಪ್ರತಿ ಸಲವೂ ನಾನು ಅಪ್ಪಾಜಿಯನ್ನು ಕೇಳಿದ್ದೆ, ಒಂದು ಎತ್ತೊಲೆ ತರಿಸೋಣ ಎಂದು. “ರಾಜಿ ನಾಗಭೂಷಣಯ್ಯನ ಮನೆಗೇ ಎತ್ತೊಲೆ ಬಂತು ಅಂದ್ರೆ ಊರಿಗೆ ನನ್ನ ಮಾತಿನ ಮೇಲೆ ನಂಬಿಕೆ ಉಳಿಯುತ್ತಾ?” ಅನ್ನುತ್ತಿದ್ದರು. ಹೌದು, ಪೇಟೆ ಕಡೆಯಿಂದ ರಾಜಿಗೆ ಕೂರುವ ಹಿರಿಯರು ನಮ್ಮಪ್ಪ. ಅವರ ಹೆಸರಿಗೆ ರಾಜಿ ಎಂಬುದು ಮನೆತನದ ಹೆಸರಿನ ಹಾಗೆ ಅಂಟಿಕೊಂಡಿತ್ತು.

ಹಿಂದಿನ ದಿನ ಊಟಕ್ಕೆ ಕೂತಾಗ ನನ್ನನ್ನು ಒಂದು ಪದ ಕೇಳಿದ್ದರು. “ಜೀತ ಅಂದ್ರೆ ಅವರು ಎದ್ದು ಹೋಗ್ತಾರೆ ಮಂದಾ. ನೀನು ಓದಿದವಳು. ಮೆತ್ತಗಿರೋ ಒಂದು ಪದ ಹೇಳು.”

“ಆ ಕೆಲಸಕ್ಕೆ ಮೆತ್ತಗಿನ ಪದ ಇಲ್ಲ ಅಪ್ಪಾಜಿ.”

“ಆಶ್ರಯ?”

ಪುಟ್ಟೀರಿ ಆಗ ಅವರ ತಟ್ಟೆಗೆ ತುಪ್ಪ ಹಾಕುತ್ತಿದ್ದಳು. ಅವಳ ಕೈ ಒಂದು ಕ್ಷಣ ನಿಂತಿತು. ಅಪ್ಪಾಜಿ ಸಾಕು ಅಂದರು, ತುಪ್ಪ ಜಾಸ್ತಿಯಾಯಿತೇನೋ ಎಂಬಂತೆ.

ಬೆಳಕು ಹರಿಯುವ ಹೊತ್ತಿಗೆ ಅಪ್ಪಾಜಿ ಚಾವಡಿಯಿಂದ ಬಂದರು. ಕೊರಳಲ್ಲಿ ಸೇವಂತಿಗೆ ಹಾರ. ಮುಖದಲ್ಲಿ ನಿದ್ದೆಗೆಟ್ಟ ದಣಿವೂ ಇರಲಿಲ್ಲ.

“ಕಾಫಿ ಮಾಡ್ಸು ಮಂದಾ. ಯುದ್ಧ ತಪ್ತು.”

“ಏನು ಕೊಟ್ಟಿರಿ?”

“ಸಂತೆ ವ್ಯಾಪಾರದ ಥರ ಕೇಳ್ತೀಯಲ್ಲ.” ಚಪ್ಪಲಿ ಬಿಟ್ಟು ಕೂತರು. “ಗೆರೆ ಒಂಚೂರು ಸರಿಯಬಹುದು ಅಂದ್ವಿ. ಆಮೇಲೆ, ಅವರ ಕಡೆಯಿಂದ ಇನ್ನು ಮೇಲೆ ಓಡಿ ಬರೋರನ್ನ ನಾವೇ ಹಿಡಿದು ಒಪ್ಪಿಸ್ಬೇಕು. ಆ ಮಾತಿಗೆ ಹೂಂ ಅನ್ನುವಾಗ ನನಗೂ ಕರುಳು ಹಿಂಡಿತು ಕಣೇ, ಸುಳ್ಳು ಹೇಳಲ್ಲ.”

ನಾನು ಅವರನ್ನು ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ. ಹಾರ ಹಾಕಿಕೊಂಡೇ ನಿಂತು ನೋಡಿದರು. ಒಲೆಯನ್ನು ನೋಡಿದರು, ಗೆರೆಯನ್ನು ನೋಡಿದರು, ಮತ್ತೆ ಒಲೆಯನ್ನು ನೋಡಿದರು.

“ಹಿತ್ತಲ ಬಾಗಿಲವರೆಗೆ ಬರಬಹುದು ಅಂತಿದ್ರು.”

“ಯಾರು ಅಂತಿದ್ರು? ಗೆರೆ ಅಂತಿತ್ತಾ?”

ಅವರು ಹೊಸ್ತಿಲ ಮೇಲೆ ಕುಸಿದರು. ನಿಜವಾದ ಸಂಕಟ ಅದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸಂಕಟಕ್ಕೆ ಆಯಸ್ಸು ಎಷ್ಟು ಎಂಬುದನ್ನೂ ನಾನು ನೋಡುತ್ತಿದ್ದೆ. ಹಾರದ ಒಂದು ಹೂವನ್ನು ಎಸಳೆಸಳಾಗಿ ಕೀಳುವಷ್ಟು ಹೊತ್ತು. ಆಮೇಲೆ ತಲೆಯೆತ್ತಿದರು, ದನಿ ಆಗಲೇ ಚಾವಡಿಯದಾಗಿತ್ತು.

“ನೋಡು ಮಗೂ. ಊರಿಗೆ ಊರೇ ಹೊತ್ತಿ ಉರೀತಿತ್ತು. ಎಷ್ಟು ಮನೆ ಗಂಡುಮಕ್ಕಳು ಸಾಯ್ತಿದ್ರು? ಅದನ್ನ ತಪ್ಪಿಸಿದೀವಿ. ಇದು ಒಬ್ಬಳ ವಿಷಯ. ದಳವಾಯಿಗೆ ನಾನೇ ಹೇಳ್ತೀನಿ, ಗದ್ದೆಗೆ ಇಳಿಸ್ಬೇಡಿ, ಮನೆ ಒಳಗೇ ಇಟ್ಕೊಳ್ಳಿ ಅಂತ. ನನ್ನ ಮಾತು ತೆಗೆದುಹಾಕಲ್ಲ ಅವರು.”

“ಬುದ್ದಿ,” ಅಂದಳು ಪುಟ್ಟೀರಿ, ಚಾಪೆ ಸುತ್ತುತ್ತಾ. “ಈ ಕೈ ಸುಟ್ಟಿದ್ದು ಆ ಮನೆ ಒಳಗೇಯ.”

ಅಪ್ಪಾಜಿ ಎದ್ದು ಸ್ನಾನಕ್ಕೆ ಹೊರಟರು. ಬಚ್ಚಲಿಗೆ ಅಡುಗೆಮನೆಯನ್ನು ಹಾದೇ ಹೋಗಬೇಕು. ಗೆರೆಯ ಮೇಲೆ ಕಾಲಿಟ್ಟು ದಾಟಿ ಹೋದರು. ಅವರಿಗೆ ಅದು ಬರೀ ನೆಲ.

ಹೆದರಿಕೆ ನನಗೆ ಹಳೆಯ ಪರಿಚಯ. ಇದು ಸಿಟ್ಟು, ಹಲ್ಲಿನಲ್ಲಿ ಶುರುವಾಗಿತ್ತು.

“ಸಾರಿಸೋಣ ಪುಟ್ಟೀರಿ.”

“ಏನು ಸಾರ್ಸಿದ್ರೂ ಮ್ಯಾಲೆ ಬತ್ತದೆ ಕನವ್ವ ಅದು.”

“ಒಣಗಿದ ಮೇಲೆ ಬರುತ್ತೆ. ಹಸಿ ಇರೋತನಕ ಕಾಣಲ್ಲ. ಹಸಿ ನೆಲ ಯಾರೂ ತುಳಿಯೋದೂ ಇಲ್ಲ.”

ಅವಳು ನನ್ನನ್ನೇ ದಿಟ್ಟಿಸಿದಳು. ಓಡುವುದು ಎಂಬ ಮಾತು ನಾವಿಬ್ಬರೂ ಎತ್ತಲಿಲ್ಲ. ಓಡಿದವರನ್ನು ಹಿಡಿದುಕೊಡುವುದು ಇನ್ನು ನಮ್ಮವರದೇ ಕೆಲಸ, ಎದುರುಮನೆಯವರದು, ಹಾಲಿನವನದು. ಅವಳು ಬಕೆಟ್ಟು ತೆಗೆದುಕೊಂಡು ಸಗಣಿ ತರಲು ಹೋದಳು.

ಅಪ್ಪಾಜಿ ಸ್ನಾನ ಮುಗಿಸಿ ಒಳಗೆ ಹೋದ ಮೇಲೆ ಇಬ್ಬರೂ ಸೇರಿ ದಪ್ಪಗೆ, ನೀರಾಗಿ ಸಾರಿಸಿದೆವು. ಗೆರೆ ಮುಳುಗಿತು. ಆಮೇಲೆ ಹಿತ್ತಲ ಬಾಗಿಲಿನ ಹತ್ತಿರ, ಒಲೆಯಿಂದ ಸಾಕಷ್ಟು ಆಚೆ, ಇನ್ನೊಂದು ಗೆರೆ ಬೇಕಿತ್ತು. ದಿನವೂ ಬಾಗಿಲಿಗೆ ರಂಗೋಲಿ ಹಾಕುವ ಡಬ್ಬಿ ಕೈಗೆ ಬಂತು. ನಾನು ಎಳೆಯಲು ಕೂತೆ.

“ಅಯ್ಯೋ, ಹಾವು ಹೋದಂಗದೆ. ಬುಡಿ ಇತ್ತಾಗೆ,” ಎಂದು ಪುಟ್ಟೀರಿ ಡಬ್ಬಿ ಕಿತ್ತುಕೊಂಡಳು. “ನೀವು ಅಕ್ಸರ ಬರಕಳಿ.”

ಎರಡು ಬೆರಳ ನಡುವಿನಿಂದ ಹಿಟ್ಟು ಉದುರಿಸುತ್ತಾ, ಹಿಂದೆ ಹಿಂದೆ ಸರಿಯುತ್ತಾ, ಗೋಡೆಯಿಂದ ಗೋಡೆಗೆ ಅಂಗೈ ಅಗಲದ ಪಟ್ಟಿ ಎಳೆದಳು. ಒಂದೇ ಒಂದು ಕಡೆ ಡೊಂಕಿರಲಿಲ್ಲ. ಬದುಕೆಲ್ಲ ಆ ಗೆರೆಯನ್ನು ನೋಡುತ್ತಾ ಬಂದವಳ ಕೈ. ಆಮೇಲೆ ಒಲೆಯ ಒಂದು ಬಾಯಿಗೆ ಬೆಂಕಿ ಹಾಕಿ ನೀರಿಟ್ಟಳು, ಏನೂ ಆಗದ ಮನೆಯ ಹಾಗೆ.

ಬಿಸಿಲು ಏರುವ ಮೊದಲೇ ಗೆರೆ ನೋಡುವವರು ಬಂದರು. ಪೇಟೆ ಕಡೆಯಿಂದ ಶ್ರೀಕಂಠ ಮೇಷ್ಟ್ರು. ಜೀತ ಪಾಪ ಎಂದು ಸ್ಕೂಲಿನ ಅಂಗಳದಲ್ಲಿ ಭಾಷಣ ಮಾಡಿ ಹೆಂಗಸರಿಂದ ಕಣ್ಣೀರು ಹಾಕಿಸಿದವರು. ಗದ್ದೆ ಕಡೆಯಿಂದ ಬೇರೆ ಯಾರನ್ನೂ ಕಳಿಸದೆ ದಳವಾಯಿಯೇ ಬಂದಿದ್ದ. ದೊಡ್ಡ ಆಳು, ನಗುಮುಖ, ಕಾಲಲ್ಲಿ ಜೀರುಗುಟ್ಟುವ ಜೋಡು. ಅಪ್ಪಾಜಿ ಒಗೆದ ಪಂಚೆ ಉಟ್ಟು ಹಿಂದೆ ನಿಂತರು. ನೆಲ ಹಸಿ ಇದ್ದದ್ದನ್ನು ನೋಡಿ ಮೂವರೂ ನಡುಮನೆಯ ಹೊಸ್ತಿಲಲ್ಲೇ ನಿಂತರು. ಅವರ ಕಾಲ್ಬೆರಳಿನಿಂದ ಒಂದು ಮೊಳ ದೂರದಲ್ಲಿ, ಸಗಣಿಯ ಕೆಳಗೆ, ನಿಜವಾದ ಗೆರೆ ಇತ್ತು.

“ಏನಮ್ಮಣ್ಣಿ, ಬೆಳಬೆಳಿಗ್ಗೇನೇ ಸಾರ್ಸ್ಬಿಟ್ಟಿದ್ದೀರಿ?” ಅಂದ ದಳವಾಯಿ.

“ರಾಜಿ ಆಗಿದೆಯಲ್ಲ. ಶುಭದಿನ.”

ಅವನ ಕಣ್ಣು ಹಿತ್ತಲ ಬಾಗಿಲಿಗೆ ಹೋಯಿತು. ನಗು ಸ್ವಲ್ಪ ಕುಗ್ಗಿತು. “ಇಷ್ಟೇನಾ? ಇಡೀ ರಾತ್ರಿ ಗಂಟಲು ಹರ್ಕೊಂಡಿದ್ದು ಇಷ್ಟಕ್ಕಾ ನಾಗಭೂಷಣಯ್ಯ?”

ಅಪ್ಪಾಜಿ ಆ ಗೆರೆಯನ್ನು ನೋಡಿದರು. ಮುಂಜಾನೆ ಕಂಡಿದ್ದು ಯಾವುದು, ಈಗ ಕಾಣುತ್ತಿರುವುದು ಯಾವುದು ಎಂದು ಅವರಿಗೆ ಗೊತ್ತು. ಒಂದು ಸಲ ನನ್ನ ಕಡೆ ತಿರುಗಿದರು. ನಾನು ಕಣ್ಣು ತೆಗೆಯಲಿಲ್ಲ.

“ಗೆರೆ ಎಷ್ಟು ಸರಿಯುತ್ತೆ ಅನ್ನೋದು ನಮ್ಮ ಕೈಲಿಲ್ಲವಲ್ಲ,” ಅಂದರು.

ಸುಳ್ಳೂ ಅಲ್ಲ, ನಿಜವೂ ಅಲ್ಲ. ಜೀವಮಾನವಿಡೀ ಅವರು ಆಡಿದ್ದು ಅಂಥ ಮಾತನ್ನೇ. ಆದರೂ ಆ ಒಂದು ಗಳಿಗೆ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

“ಹಾಗಾದ್ರೆ ಒಲೆ ಪೇಟೆ ಕಡೆ. ಸಂತೋಷ. ಮುಂದಿನ ಮನೆಗೆ ಹೋಗೋಣ,” ಅಂದರು ಮೇಷ್ಟ್ರು. ಅವರಿಗೆ ಬೇಗ ಮುಗಿದರೆ ಸಾಕಿತ್ತು. ದಳವಾಯಿಗೆ ಅವಸರವಿರಲಿಲ್ಲ. ಒಂದು ಲೋಟ ಮಜ್ಜಿಗೆ ಕೇಳಿ ಮಣೆ ಎಳೆದುಕೊಂಡು ಬಾಗಿಲಲ್ಲೇ ಕೂತ. ಪುಟ್ಟೀರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಚೆನ್ನಾಗಿ ಮೈ ಕೈ ತುಂಬ್ಕೊಂಡಿದಾಳೆ ನಮ್ಮ ಹುಡುಗಿ. ನಿಮ್ಮನೆ ಅನ್ನ ಹಿಡಿಸಿದೆ.”

ನಾನು ಮಜ್ಜಿಗೆ ಕೊಟ್ಟೆ. ನೆಲ ನೋಡಿದೆ. ಒಲೆಯ ಕಾವಿಗೆ ಅದರ ಸುತ್ತಲಿನ ಸಗಣಿ ಆಗಲೇ ತಿಳಿಯಾಗತೊಡಗಿತ್ತು. ಒಂದು ಚೊಂಬು ನೀರು ಚೆಲ್ಲಿದರೆ ಅನುಮಾನ ಬರುತ್ತದೆ, ಚೆಲ್ಲದಿದ್ದರೆ ಬಿಳಿ ಮೇಲೆ ಬರುತ್ತದೆ. ನಾನು ಇದನ್ನೇ ಲೆಕ್ಕ ಹಾಕುತ್ತಿದ್ದೆ. ಇಷ್ಟು ಕಾಲ ಎಲ್ಲವನ್ನೂ ಕಾದು ನೋಡಿದ ಕಣ್ಣು ನೋಡಬೇಕಾದ ಕಡೆ ನೋಡಲಿಲ್ಲ. ನಮ್ಮ ಮನೆಯ ರಂಗೋಲಿ ಡಬ್ಬಿಯಲ್ಲಿ ಕಲ್ಲಿನ ಪುಡಿ ಇಡುವುದಿಲ್ಲ. ಅಕ್ಕಿಹಿಟ್ಟು ಇಡುತ್ತೇವೆ. ದಿನಾ ಬೆಳಿಗ್ಗೆ ಇರುವೆಗಳಿಗೆ ಆಹಾರವಾಗಲಿ ಎಂದು.

“ನಾಗಭೂಷಣಯ್ಯ,” ಅಂದ ದಳವಾಯಿ, ಲೋಟ ಕೆಳಗಿಟ್ಟು. “ನಿಮ್ಮನೆ ಗೆರೆಗೆ ಕಾಲು ಬಂದಿದೆ ಕಣ್ರೀ.”

ಹಿತ್ತಲ ಹೊಸ್ತಿಲಿನಿಂದ ಕಪ್ಪು ಸಾಲು ಇಳಿದಿತ್ತು. ಒಂದೊಂದು ಇರುವೆಯ ಬಾಯಲ್ಲೂ ಒಂದೊಂದು ಬಿಳಿಯ ಕಣ. ಪುಟ್ಟೀರಿಯ ಗೆರೆ ಅಂಚಿನಿಂದ ಸವೆಯುತ್ತಿತ್ತು.

ಅವನು ಎದ್ದು ಹಸಿ ನೆಲದ ಮೇಲೆ ಜೋಡು ಮೆಟ್ಟಿದ ಕಾಲಲ್ಲೇ ನಡೆದು ಹೋದ. ಹಿಟ್ಟನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟ. ವಾಪಸು ಬಂದು, ನಡುಮನೆಯ ಬಾಗಿಲ ಹತ್ತಿರ ಜೋಡಿನ ತುದಿಯಿಂದ ಸಗಣಿಯನ್ನು ಕೆರೆದ. ಬಿಳಿ ಹೊಳೆಯಿತು.

“ದೋಸೆ ಹಾಕ್ಬಹುದು ನಿಮ್ಮ ಗೆರೇಲಿ,” ಎಂದು ಜೋರಾಗಿ ನಕ್ಕ. ನಗು ನಿಂತ ಮೇಲೆ ಮೇಷ್ಟ್ರ ಕಡೆ ತಿರುಗಿದ. “ಹೇಳಿ ಮೇಷ್ಟ್ರೆ.”

ಮೇಷ್ಟ್ರು ಕನ್ನಡಕ ಒರೆಸಿದರು. “ನನಗೇನು ಸಂತೋಷವಾ ಮಂದಾಕಿನಿ? ಆದ್ರೆ ನಿಯಮ ಅಂದ್ರೆ ನಿಯಮ. ನಾವೇ ಮುರಿದ್ರೆ ಅವರಿಗೂ ನಮಗೂ ವ್ಯತ್ಯಾಸ ಏನು ಉಳೀತು?”

“ಇಲ್ಲಿ ನಿಂತಿದಾಳಲ್ಲ ಮೇಷ್ಟ್ರೆ. ಇವಳೇ ವ್ಯತ್ಯಾಸ.”

ಅವರು ತೊಲೆ ನೋಡತೊಡಗಿದರು. ಆಗ ಅಪ್ಪಾಜಿ ಕೆಮ್ಮಿ, ಎರಡೂ ಕೈ ಮುಂದೆ ಚಾಚಿ, ಚಾವಡಿಯಲ್ಲಿ ನಿಂತ ಹಾಗೆಯೇ ನಿಂತರು.

“ಸಮಾಧಾನ. ಎಲ್ಲಕ್ಕೂ ದಾರಿ ಇದೆ. ಒಲೆಗೆ ಎರಡು ಬಾಯಿ ಇದೆಯಲ್ಲ? ಒಂದು ಬಾಯಿ ಆ ಕಡೆಯದು, ಒಂದು ಬಾಯಿ ಈ ಕಡೆಯದು ಅಂತ ಇಟ್ಕೊಳ್ಳೋಣ. ಉಳುಮೆ, ನಾಟಿ, ಕೊಯ್ಲು ಮುಗಿಯೋವರೆಗೆ ಅವಳು ನಿಮ್ಮಲ್ಲಿ ಇರಲಿ. ಆಮೇಲೆ ನಮ್ಮಲ್ಲಿಗೆ ಬರಲಿ. ಇಬ್ಬರ ಮರ್ಯಾದೆಯೂ ಉಳಿಯುತ್ತೆ.”

“ನೋಡಿ, ಇದಕ್ಕೇ ನಿಮ್ಮನ್ನ ರಾಜಿ ಅನ್ನೋದು!” ದಳವಾಯಿ ತೊಡೆ ತಟ್ಟಿದ.

“ಸಮಂಜಸವಾಗಿದೆ,” ಅಂದರು ಮೇಷ್ಟ್ರು. ಮೂವರ ಹೆಗಲೂ ಒಟ್ಟಿಗೆ ಸಡಿಲಾದದ್ದನ್ನು ನಾನು ಕಂಡೆ. ಒಬ್ಬರೂ ಪುಟ್ಟೀರಿಯ ಕಡೆ ನೋಡಲಿಲ್ಲ.

ಅವಳೇ ಕೇಳಿದಳು. “ನಡುವಲ್ಲಿ ನಾನು ಸತ್ತೋದ್ರೆ, ಬುದ್ದಿ, ಯಾವ ಕಡೆ ಹೂಳ್ತೀರಿ?”

ಮೇಷ್ಟ್ರು ಗಂಭೀರವಾಗಿ ಯೋಚಿಸಿದರು. “ಅದಕ್ಕೂ ಒಂದು ಮಾತು ಸೇರಿಸಬಹುದು,” ಅಂದರು.

ಒನಕೆ ಮೂಲೆಯಲ್ಲಿತ್ತು. ಅದನ್ನು ಎತ್ತಿಕೊಂಡದ್ದು ನನಗೆ ನೆನಪಿಲ್ಲ, ಅದರ ತೂಕ ನೆನಪಿದೆ. ಮೊದಲ ಪೆಟ್ಟು ಒಲೆಯ ಅಂಚಿಗೆ ಬಿದ್ದು ಜಾರಿತು. ನೀರಿನ ಪಾತ್ರೆ ಉರುಳಿ ಹಬೆ ಎದ್ದಿತು. ಉರಿಯುವ ಒಲೆ ಒಡೆಯುವುದು ನಮ್ಮಲ್ಲಿ ಮನೆಗೇ ಕೊಳ್ಳಿ ಇಟ್ಟಂತೆ. ಅಪ್ಪಾಜಿ ಕಿರುಚಿದರು, “ಮಂದಾ! ಉರಿಯೋ ಒಲೆ ಕಣೇ!” ಎರಡನೆಯ ಪೆಟ್ಟಿಗೆ ಒಂದು ಬಾಯಿ ಕುಸಿಯಿತು, ಕೆಂಡ ನೆಲಕ್ಕೆ ಹರಡಿತು. ಮೂರನೆಯದಕ್ಕೆ ನನ್ನ ಕೈಯಲ್ಲಿ ಬಲವಿರಲಿಲ್ಲ.

“ಬುಡಿ ಇತ್ತಾಗೆ,” ಅಂದಳು ಪುಟ್ಟೀರಿ. “ನಾನು ಕಟ್ಟಿದ್ದು. ನಾನೇ ಒಡೀತೀನಿ.”

ಒನಕೆಯ ಮೇಲ್ಭಾಗವನ್ನು ಸುಟ್ಟ ಕೈಯಲ್ಲಿ ಹಿಡಿದು, ಭತ್ತ ಕುಟ್ಟುವ ಹಾಗೆ ಒಂದೇ ಲಯದಲ್ಲಿ ಕುಟ್ಟಿದಳು. ಒಲೆ ಹೆಂಟೆಯಾಯಿತು, ಹೆಂಟೆ ಮಣ್ಣಾಯಿತು. ಮಣ್ಣು ಕೆಂಡವನ್ನು ಮುಚ್ಚಿತು. ಆಮೇಲೆ ಅವಳು ಒನಕೆಯ ಮೇಲೆ ಎರಡೂ ಕೈ ಊರಿ, ಏದುಸಿರು ಬಿಡುತ್ತಾ, ದಳವಾಯಿಯ ಮುಖವನ್ನು ನೇರವಾಗಿ ನೋಡಿದಳು. ಅವನನ್ನು ಅವಳು ಹಾಗೆ ನೋಡಿದ್ದು ಅದೇ ಮೊದಲಿರಬೇಕು, ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಈಗ ಯೋಳಿ,” ಅಂದಳು. “ಒಲೆ ಯಾವ ಕಡೆ?”

ದಳವಾಯಿ ಮೇಷ್ಟ್ರನ್ನು ಕೇಳಿದ, “ಒಲೆಯೇ ಇಲ್ಲದಿದ್ರೆ?”

“ಅದಕ್ಕೆ... ಅದಕ್ಕೆ ನಿಯಮ ಇಲ್ಲ,” ಅಂದರು ಮೇಷ್ಟ್ರು. “ಚಾವಡಿ ಸೇರಿ ತೀರ್ಮಾನ ಆಗ್ಬೇಕು. ಅಲ್ಲೀತನಕ ಇವಳು ಇದ್ದಲ್ಲೇ ಇರಬೇಕು.”

“ಚಾವಡಿ!” ದಳವಾಯಿಯ ಮುಖದಲ್ಲಿ ಈಗ ನಗುವಿನ ಪಸೆಯೂ ಇರಲಿಲ್ಲ. “ಇನ್ನು ಮಾತಾಡಕ್ಕೆ ಬರಲ್ಲ ನಾವು. ಬರೋದಾದ್ರೆ ಬೇರೆ ಥರಾನೇ ಬರ್ತೀವಿ. ನಿಮ್ಮ ಮಗಳ ಒಂದು ಒನಕೆಗೆ ಊರು ಬೆಲೆ ಕೊಡುತ್ತೆ ನಾಗಭೂಷಣಯ್ಯ, ನೆನಪಿಟ್ಕೊಳ್ಳಿ.” ಜೋಡು ಜೀರುಗುಟ್ಟುತ್ತಾ ಹೊರಟುಹೋದ. ಮೇಷ್ಟ್ರು ಅವನ ಹಿಂದೆ. ಅಪ್ಪಾಜಿ ಪಂಚೆ ಎತ್ತಿಕೊಂಡು ಇಬ್ಬರ ಹಿಂದೆ ಓಡಿದರು. “ಸ್ವಲ್ಪ ನಿಲ್ಲಿ, ಕೂತು ಮಾತಾಡೋಣ, ಸ್ವಲ್ಪ ನಿಲ್ಲಿ...” ಎನ್ನುವುದು ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು.

ನಾವಿಬ್ಬರೇ ಉಳಿದೆವು. ನೆಲ ಒಣಗಿ ಗೆರೆ ಪೂರಾ ಮೇಲೆ ಬಂದಿತ್ತು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ನಾನು ಅತ್ತೆನೋ ಇಲ್ಲವೋ ತಿಳಿಯದು.

ಆಗ ಆ ಸದ್ದು ಕೇಳಿಸಿತು. ಸ್ಲೇಟಿನ ಮೇಲೆ ಉಗುರು ಎಳೆದ ಹಾಗೆ, ತೀರಾ ಸಣ್ಣಗೆ. ಹಾಡುಹಗಲಲ್ಲಿ. ಪುಟ್ಟೀರಿ ನನ್ನ ತೋಳು ಹಿಡಿದಳು. ಬಾಗಿಲ ಹತ್ತಿರದ ಗೆರೆ ಅಲುಗಿತು. ನಮ್ಮ ಕಾಲ ಕಡೆಗೆ ಬಂತು, ಒಡೆದ ಒಲೆಯ ಮಣ್ಣನ್ನು ದಾಟಿತು, ಇರುವೆಗಳು ತಿಂದು ಬಿಟ್ಟಿದ್ದ ಹಿಟ್ಟಿನ ಗುರುತನ್ನೂ ದಾಟಿತು, ಹಿತ್ತಲ ಹೊಸ್ತಿಲು ಇಳಿದು ಬಚ್ಚಲ ಗೋಡೆಯ ಬುಡದಲ್ಲಿ ನಿಂತಿತು. ಗೆರೆ ಹಿಂದಕ್ಕೆ ಹೋದದ್ದನ್ನು ನಮ್ಮ ಊರಲ್ಲಿ ಯಾರೂ ಕಂಡಿಲ್ಲ, ಕೇಳಿಲ್ಲ.

ಆಮೇಲೆ ಪುಟ್ಟೀರಿ ಹೊಸ್ತಿಲವರೆಗೆ ಹೋಗಿ ಬಗ್ಗಿ ನೋಡಿ ಬಂದಳು.

“ಅಪ್ಪಾಜಿಗೆ ಹೇಳ್ಬೇಕು,” ಎಂದು ಬಾಯಿಗೆ ಬಂತು ನನಗೆ. ಅಭ್ಯಾಸ.

“ಯೋಳಿ,” ಅಂದಳು ಅವಳು, ಒಂದು ಥರ ನಗುತ್ತಾ. “ಯೋಳಿದ್ರೆ ಏನ್ಮಾಡ್ತಾರೆ?”

ಏನು ಮಾಡುತ್ತಾರೆ ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಚಾವಡಿಗೆ ಒಯ್ಯುತ್ತಾರೆ. ಎರಡೂ ಕೈ ಚಾಚಿ ನಿಲ್ಲುತ್ತಾರೆ. ಒಂದು ಒಲೆಗೆ ಗೆರೆ ಎಷ್ಟು ಹಿಂದೆ ಹೋಗಬಹುದು, ಎಷ್ಟು ಹೋಗಬಾರದು, ವರ್ಷಕ್ಕೆ ಎಷ್ಟು ಒಲೆ ಒಡೆಯಬಹುದು ಎಂದು ದಳವಾಯಿಯ ಜೊತೆ ಕೂತು ಚೌಕಾಶಿ ಮಾಡುತ್ತಾರೆ. ಅದಕ್ಕೊಂದು ಮೆತ್ತಗಿನ ಪದ ಹುಡುಕಿಕೊಡು ಎಂದು ನನ್ನನ್ನು ಕೇಳುತ್ತಾರೆ. ಬೆಳಗಾಗುವಷ್ಟರಲ್ಲಿ ಗೆರೆ ನಮ್ಮ ನಡುಮನೆಯಲ್ಲಿರುತ್ತದೆ.

“ಇದು ನೀವು ಯೋಳೋ ಮಾತಲ್ಲ ಮಂದಮ್ಮ,” ಅಂದಳು ಪುಟ್ಟೀರಿ. “ಗದ್ದೆ ಕಡೇಲಿ ಒಲೆ ಹಚ್ಚೋ ಹೆಣ್ಣಾಳುಗಳು ಬೇಕಾದಷ್ಟು ಅವ್ರೆ. ಯಾರಿಗೆ ಯೋಳ್ಬೇಕೋ ಅವ್ರಿಗೆ ನಾನು ಯೋಳ್ತೀನಿ.”

ಅವಳು ಹಿತ್ತಲಿನಿಂದ ಮೂರು ಕಲ್ಲು ತಂದು ನಡುಮನೆಯಲ್ಲಿ ಇಟ್ಟು ಬೆಂಕಿ ಮಾಡಿದಳು. ಉದ್ದಿನಬೇಳೆ ಬಸಿದು ರುಬ್ಬಲು ಕೂತಳು. ರುಬ್ಬುಗುಂಡಿನ ಗುಡುಗುಡು ಮನೆಯನ್ನು ತುಂಬಿತು. ಬೀದಿಬಾಗಿಲು ತೆರೆದ ಸದ್ದಾಯಿತು. ಅಪ್ಪಾಜಿ ಒಬ್ಬರೇ ಬಂದಿದ್ದರು, ಮುಖ ಬೂದಿಯಾಗಿತ್ತು.

“ಅವರು ನಿಲ್ಲಲಿಲ್ಲ,” ಅಂದರು. ಆಮೇಲೆ ಒಳಗಿನ ಕಡೆ ಕತ್ತು ಚಾಚಿ, “ಇಲ್ಲಿ ಮತ್ತೇನಾದ್ರೂ ಆಯ್ತಾ?”

ನಾನು ಅಡುಗೆಮನೆಯ ಬಾಗಿಲನ್ನು ಎಳೆದು ಚಿಲಕ ಹಾಕಿದೆ. “ಏನೂ ಆಗಲಿಲ್ಲ ಅಪ್ಪಾಜಿ,” ಅಂದೆ. ಅವರಿಗಾಗಲಿ, ಊರಿನಲ್ಲಿ ಇನ್ನು ಯಾರಿಗೇ ಆಗಲಿ, ನನ್ನ ಬಾಯಿಂದ ಗೆರೆ ಹಿಂದೆ ಸರಿದ ಮಾತು ಬರಕೂಡದು ಎಂದು ಆ ಚಿಲಕ ಹಾಕುವಾಗಲೇ ತೀರ್ಮಾನಿಸಿಯಾಗಿತ್ತು.